ಟೋನ್‌ಆರ್ಮ್‌ಗೆ ಹೊಸ ತಂತಿ: ಮನೆಯ ಮೇಜಿನ ಮೇಲೆ, ಕಡಿಮೆ ಖರ್ಚಿನಲ್ಲಿ

ಮಂಡ್ಯದ ನಮ್ಮ ಸೋದರಮಾವನ ಟರ್ನ್‌ಟೇಬಲ್ ಹತ್ತು ವರ್ಷ ಅಟ್ಟದ ಮೇಲೆ ಮಲಗಿತ್ತು. ಅದನ್ನು ಮೈಸೂರಿಗೆ ತಂದು, ಒರೆಸಿ, ಹೊಸ ಬೆಲ್ಟ್ ಹಾಕಿ, ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯ ರೆಕಾರ್ಡ್ ಇಟ್ಟೆ. ಬಲಗಡೆ ವೀಣೆ, ಎಡಗಡೆ ಬರೀ ಗುಂಯ್. ಮುಳ್ಳನ್ನು ರೆಕಾರ್ಡಿನ ಮೇಲೆ ಹಿಡಿಯುವ ಕೈ, ಅಂದರೆ ಟೋನ್‌ಆರ್ಮ್, ಸ್ವಲ್ಪ ಅಲ್ಲಾಡಿಸಿದರೆ ಎಡಗಡೆ ವೀಣೆಯೂ ಇಣುಕಿ ನೋಡಿ ಹೋಗುತ್ತಿತ್ತು. ಅಂಗಡಿಯವರು, ಮುಳ್ಳಿನ ಅದುರನ್ನು ಕರೆಂಟಾಗಿಸುವ ಆರ್ಮ್ ತುದಿಯ ತುಂಡನ್ನು ತೋರಿಸಿ, 'ಕಾರ್ಟ್ರಿಜ್ ಹೋಗಿದೆ, ಹೊಸದು ಹಾಕಿ' ಅಂದರು. ಹಾಕಿದೆ. ದುಡ್ಡು ಹೋಯಿತು, ಗುಂಯ್ ಹೋಗಲಿಲ್ಲ.

ಹೋಗಿದ್ದದ್ದು ಆರ್ಮ್ ಒಳಗಿನ ತಂತಿ. ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಅದನ್ನು ನಾನೇ ಬದಲಾಯಿಸಿದೆ. ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಮನೆಯಲ್ಲೇ ಇದ್ದವು. ಉಳಿದದ್ದಕ್ಕೆ ಸಾವಿರ ರೂಪಾಯಿ ದಾಟಲಿಲ್ಲ. ಎರಡು ಸಲ ತಪ್ಪು ಮಾಡಿದೆ, ಮೂರನೇ ಸಲ ಸರಿಹೋಯಿತು. ನಿಮಗೆ ಒಂದೇ ಸಲಕ್ಕೆ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಳಗೆ ಇರುವುದೇನು

ಆರ್ಮ್ ಕೊಳವೆಯೊಳಗೆ ನಾಲ್ಕು ತಂತಿ. ಬಿಳಿ ಮತ್ತು ನೀಲಿ ಎಡಗಡೆಗೆ, ಕೆಂಪು ಮತ್ತು ಹಸಿರು ಬಲಗಡೆಗೆ. ಬಿಳಿ ಎಡದ ಪ್ಲಸ್, ನೀಲಿ ಎಡದ ಮೈನಸ್. ಕೆಂಪು ಬಲದ ಪ್ಲಸ್, ಹಸಿರು ಬಲದ ಮೈನಸ್. ಇದಿಷ್ಟು ಬಾಯಿಪಾಠ ಆಗಿರಲಿ. ಇವಲ್ಲದೆ ಸಾಮಾನ್ಯವಾಗಿ ಕಪ್ಪು ಬಣ್ಣದ ಐದನೆಯದೊಂದು ಇರುತ್ತದೆ. ಅದು ಆರ್ಮ್‌ನ ಲೋಹದ ಕೊಳವೆಯ ಅರ್ತ್.

ಮೈಸೂರಿಗೆ ರೆಕಾರ್ಡಿನ ಹುಚ್ಚು ಹೊಸದಲ್ಲ. ಜಯಚಾಮರಾಜ ಒಡೆಯರ್ ಅವರು 1940ರ ದಶಕದಲ್ಲಿ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಡ್ಟ್ನರ್ ಅವರ ಕೃತಿಗಳನ್ನು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರು. ಮೆಡ್ಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಅವರಿಗೇ ಅರ್ಪಿಸಿದರು. ಆಗಿನದು 78 ಸುತ್ತಿನ ಮೊನೊ ರೆಕಾರ್ಡು, ಪಿಕಪ್‌ಗೆ (ಆಗಿನ ಕಾರ್ಟ್ರಿಜ್‌ಗೆ) ಎರಡು ತಂತಿ ಇದ್ದರೆ ಸಾಕು. 1950ರ ದಶಕದ ಕೊನೆಗೆ ಸ್ಟೀರಿಯೊ ರೆಕಾರ್ಡ್ ಬಂತು, ತಂತಿ ನಾಲ್ಕಾಯಿತು. ನಮ್ಮ ತಲೆನೋವೂ ಎರಡರಷ್ಟಾಯಿತು.

ಈ ತಂತಿಗಳಲ್ಲಿ ಹರಿಯುವುದು ಎಷ್ಟು ಗೊತ್ತಾ? ಒಳಗೆ ಅಯಸ್ಕಾಂತ ಅಲ್ಲಾಡುವ ಮಾಮೂಲಿ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು 3ರಿಂದ 5 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ 1.5 ವೋಲ್ಟ್. ಅಂದರೆ ಸೆಲ್ಲಿನ ಮುನ್ನೂರರಿಂದ ಐನೂರರಲ್ಲಿ ಒಂದು ಪಾಲು. ಜೊತೆಗೆ ರೆಕಾರ್ಡ್ ಕೆತ್ತುವಾಗ ತಗ್ಗಿಸಿದ ಕೆಳಸ್ವರವನ್ನು ಫೋನೊ ಆಂಪ್ಲಿಫೈಯರ್ ಮತ್ತೆ ಎತ್ತಿ ಕೊಡುತ್ತದೆ. ನಮ್ಮ ಮನೆಯ ಕರೆಂಟಿನ 50 ಹರ್ಟ್ಸ್ ಇರುವುದೂ ಅಲ್ಲೇ. ಸಾವಿರ ಹರ್ಟ್ಸ್‌ಗೆ ಹೋಲಿಸಿದರೆ ಅದು ಸುಮಾರು 17 ಡೆಸಿಬಲ್ ಜಾಸ್ತಿ ಏರುತ್ತದೆ. ಒಂದು ಅರ್ತ್ ಸಡಿಲವಾದರೂ ಗುಂಯ್ ಅಂತ ಮನೆ ತುಂಬುವುದು ಇದಕ್ಕೇ.

ಬಿಚ್ಚುವ ಮೊದಲು

ಆರ್ಮ್ ಬಿಚ್ಚಲು ಅವಸರ ಬೇಡ. ತಂತಿಯದೇ ತಪ್ಪು ಅಂತ ಮೊದಲು ಖಚಿತ ಮಾಡಿಕೊಳ್ಳಿ. ನಾನು ಈ ಅರ್ಧ ಗಂಟೆ ಉಳಿಸಲು ಹೋಗಿಯೇ ಹೊಸ ಕಾರ್ಟ್ರಿಜ್ ಕೊಂಡದ್ದು.

ಆಂಪ್ಲಿಫೈಯರ್ ಆಫ್ ಮಾಡಿ, ಹಿಂದಿನ ಎಡ ಬಲ ಪ್ಲಗ್‌ಗಳನ್ನು ಅದಲುಬದಲು ಮಾಡಿ. ಸದ್ದಿಲ್ಲದ ಕಡೆಯೂ ಬದಲಾಯಿತೇ? ಹಾಗಿದ್ದರೆ ದೋಷ ಟರ್ನ್‌ಟೇಬಲ್ ಕಡೆಯದು. ಬದಲಾಗದಿದ್ದರೆ ಆಂಪ್ಲಿಫೈಯರನ್ನೋ ಸ್ಪೀಕರನ್ನೋ ನೋಡಿ, ಈ ಲೇಖನ ಇಲ್ಲಿಗೆ ಬಿಡಿ.

ದೋಷ ಟರ್ನ್‌ಟೇಬಲ್‌ನದಾದರೆ ಪ್ಲಗ್ ಮೊದಲಿನ ಹಾಗೇ ಚುಚ್ಚಿ, ಕಾರ್ಟ್ರಿಜ್ ಕೂತಿರುವ ತುದಿಯ ಭಾಗ, ಅಂದರೆ ಹೆಡ್‌ಶೆಲ್, ತೆಗೆಯಿರಿ. ಅದರ ಹಿಂದೆ ನಾಲ್ಕು ಪಿನ್, ಆರ್ಮ್ ತುದಿಯೊಳಗೆ ಅದಕ್ಕೆ ತಾಗುವ ಇನ್ನು ನಾಲ್ಕು. ಮೈಸೂರಿನ ಮಳೆಗಾಲ ಎರಡು ಸಲ ಕಂಡರೆ ಸಾಕು, ಇವು ಕಪ್ಪಾಗುತ್ತವೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಹತ್ತಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ. ಆರ್ಮ್ ಕಡೆಯ ಪಿನ್‌ಗಳು ಸ್ಪ್ರಿಂಗಿನ ಮೇಲಿರುತ್ತವೆ, ಒತ್ತಿದರೆ ಒಳಗೆ ಹೋಗಿ ಹೊರಗೆ ಬರಬೇಕು. ಒಂದು ಒಳಗೇ ಸಿಕ್ಕಿಕೊಂಡಿದ್ದರೆ ನಿಮ್ಮ ಕಾಯಿಲೆ ಅದೇ. ಬಹಳಷ್ಟು ಜನರ ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಆಮೇಲೆ ಕಾರ್ಟ್ರಿಜ್ ಹಿಂದಿನ ಸಣ್ಣ ತಂತಿಗಳಲ್ಲಿ ಬಿಳಿ ಮತ್ತು ಕೆಂಪನ್ನು ಒಂದರ ಜಾಗಕ್ಕೆ ಇನ್ನೊಂದು ಹಾಕಿ, ನೀಲಿ ಮತ್ತು ಹಸಿರನ್ನೂ ಹಾಗೆಯೇ. ಸದ್ದಿಲ್ಲದ ಕಡೆ ಈಗ ಬದಲಾದರೆ ಕಾರ್ಟ್ರಿಜ್‌ನದೇ ದೋಷ. ಅದೇ ಕಡೆ ಉಳಿದರೆ ತಂತಿಯದು.

ಕೊನೆಗೆ ಮಲ್ಟಿಮೀಟರ್. ಕಾರ್ಟ್ರಿಜ್ ಇರುವಾಗ ಮೀಟರ್ ಹಿಡಿಯಬೇಡಿ. ಮೀಟರ್ ತನ್ನದೇ ಕರೆಂಟನ್ನು ಅದರ ಸುರುಳಿಯೊಳಗೆ ಕಳಿಸುತ್ತದೆ, ಸುರುಳಿಯೇ ಅಲ್ಲಾಡುವ ಮೂವಿಂಗ್ ಕಾಯಿಲ್ ಜಾತಿಯದಂತೂ ತಡೆಯುವುದಿಲ್ಲ. ಹೆಡ್‌ಶೆಲ್ ತೆಗೆದಿಟ್ಟು, ಪ್ಲಗ್ ಆಂಪ್ಲಿಫೈಯರಿನಿಂದ ಕಳಚಿ, ಆರ್ಮ್ ತುದಿಯ ಪಿನ್ನಿಗೊಂದು ಕಡ್ಡಿ, ಪ್ಲಗ್ಗಿಗೊಂದು ಕಡ್ಡಿ. ಎರಡು ಮೂರು ಓಮ್ ತೋರಿಸಿದರೆ ತಂತಿ ಚೆನ್ನಾಗಿದೆ. ಹಾಗೇ ಹಿಡಿದುಕೊಂಡು ಆರ್ಮ್ ಅತ್ತಿತ್ತ ಸರಿಸಿ. ಅಂಕಿ ಕುಣಿದರೆ, ಅಥವಾ ಏನೂ ತೋರಿಸದಿದ್ದರೆ, ತಂತಿ ತುಂಡಾಗಿದೆ. ತುಂಡಾಗುವುದು ಸಾಮಾನ್ಯವಾಗಿ ಆರ್ಮ್ ತಿರುಗುವ ಬುಡದಲ್ಲಿ. ಪ್ರತಿ ರೆಕಾರ್ಡಿಗೂ ಅಲ್ಲಿ ಒಂದು ಸಲ ಬಾಗಿ ಒಂದು ಸಲ ನೆಟ್ಟಗಾಗಿ ಎಷ್ಟು ವರ್ಷ ತಡೆದೀತು?

ಏನು ಕೊಳ್ಳಬೇಕು, ಏನು ಬೇಡ

ಒಂದು ಮೀಟರ್ ಉದ್ದಕ್ಕೆ ಸಾವಿರಾರು ರೂಪಾಯಿಯ ಬೆಳ್ಳಿ ತಂತಿಯೂ ಸಿಗುತ್ತದೆ. ಬೇಡ. ಲೆಕ್ಕ ನೋಡಿ. 0.08 ಮಿಲಿಮೀಟರ್ ತಾಮ್ರದ ತಂತಿ ಮೀಟರಿಗೆ 3.3 ಓಮ್ ಆಸುಪಾಸು. ನಮಗೆ ಬೇಕಾದ ಅರ್ಧ ಮೀಟರಿಗೆ ಎರಡು ಓಮ್‌ಗಿಂತ ಕಡಿಮೆ. ಕಾರ್ಟ್ರಿಜ್ ಒಳಗಿನ ಸುರುಳಿಯೇ ನೂರಾರು ಓಮ್, ಎದುರಿಗೆ ಆಂಪ್ಲಿಫೈಯರ್ 47,000 ಓಮ್. ಈ ಎರಡು ಓಮ್ ಯಾವ ಲೆಕ್ಕ? ತಂತಿ ಮೆತ್ತಗಿರಬೇಕು, ಅದೇ ಮುಖ್ಯ. ಗಟ್ಟಿ ತಂತಿ ಆರ್ಮನ್ನು ತಳ್ಳುತ್ತದೆ.

ಅತಿ ಸುಲಭದ್ದು, ಆನ್‌ಲೈನಿನಲ್ಲಿ ನಾಲ್ಕು ಬಣ್ಣದಲ್ಲಿ ಸಿಗುವ ಲಿಟ್ಜ್ ತಂತಿ. ಒಂದೊಂದೂ ಎನಾಮೆಲ್ ಬಳಿದ ಸಣ್ಣ ಎಳೆಗಳ ಕಟ್ಟು, ಬಾಳೆನಾರಿನ ಹಾಗೆ ಬಾಗುತ್ತದೆ. ದುಡ್ಡು ಇನ್ನೂ ಉಳಿಸಬೇಕೆಂದರೆ ಎರಡು ದಾರಿ. ಒಂದು, ಸಣ್ಣ ಟ್ರಾನ್ಸ್‌ಫಾರ್ಮರ್ ಸುತ್ತುವವರ ಹತ್ತಿರ 44 ಗೇಜಿನ ತಂತಿ ಕೇಳುವುದು. ನಮ್ಮಲ್ಲಿ ಸುತ್ತುವ ತಂತಿಯನ್ನು ಎಸ್‌ಡಬ್ಲ್ಯುಜಿ (ಬ್ರಿಟಿಷ್ ಗೇಜ್) ಲೆಕ್ಕದಲ್ಲಿ ಮಾರುತ್ತಾರೆ. 44 ಅಂದರೆ 0.08 ಮಿಲಿಮೀಟರ್, 42 ಅಂದರೆ 0.10. ಕೇಳುವಾಗ 'ಬೆಸುಗೆಗೆ ಎನಾಮೆಲ್ ಕರಗುತ್ತಾ' ಅಂತ ವಿಚಾರಿಸಿ. ಮೋಟರಿಗೆ ಬಳಸುವ ತಂತಿಯ ಲೇಪ ಐರನ್‌ಗೆ ಜಗ್ಗುವುದಿಲ್ಲ, ಇಷ್ಟು ಸಣ್ಣ ತಂತಿಯನ್ನು ಕೆರೆಯಲು ಹೋದರೆ ತುಂಡಾಗುತ್ತದೆ. ನಾಲ್ಕೂ ಒಂದೇ ಬಣ್ಣ ಇರುವುದರಿಂದ ತುದಿಗಳಿಗೆ ನೈಲ್ ಪಾಲಿಶ್ ಗುರುತು ಬೇಕು.

ಇನ್ನೊಂದು ದಾರಿ, ಕೆಟ್ಟ ಇಯರ್‌ಫೋನ್. ಅದರ ಹೊರಗಿನ ಪ್ಲಾಸ್ಟಿಕ್ ಸುಲಿದರೆ ಒಳಗೆ ಕೆಂಪು, ಹಸಿರು, ತಾಮ್ರ ಬಣ್ಣದ ಎನಾಮೆಲ್ ಎಳೆಗಳಿವೆ. ಬೆಲೆ ಸೊನ್ನೆ. ಮೊದಲ ಸಲ ನಾನು ಇದನ್ನೇ ಹಾಕಿದೆ, ಕೆಲಸ ಮಾಡಿತು. ಆದರೆ ಎಳೆಗಳ ಮಧ್ಯೆ ನೈಲಾನ್ ನೂಲು ಇರುತ್ತದೆ, ಬೆಸುಗೆ ಹಾಕುವಾಗ ಅದು ಕರಗಿ ಕರಿಯಾಗಿ ಅಂಟುತ್ತದೆ. ಮೇಲೆ ಹೊದಿಕೆ ಇಲ್ಲದ್ದರಿಂದ ಕೊಳವೆಯ ಅಂಚು ತರಚಿದರೆ ಶಾರ್ಟ್ ಆಗುತ್ತದೆ. ಕಲಿಯಲು ಒಳ್ಳೆಯದು, ಉಳಿಸಿಕೊಳ್ಳಲು ಅಲ್ಲ.

ಜೊತೆಗೆ ಹೆಡ್‌ಶೆಲ್ ಒಳಗಿನ ನಾಲ್ಕು ತುಂಡು ತಂತಿ, ಕ್ಲಿಪ್ ಸಮೇತ ರೆಡಿ ಸೆಟ್ ಸಿಗುತ್ತದೆ, ಅದನ್ನೇ ತೆಗೆದುಕೊಳ್ಳಿ. 25 ವಾಟಿನ ಐರನ್, ಚೂಪು ಮೊನೆಯದು. 60/40 ತವರ ಸೀಸದ ಸಣ್ಣ ಸೋಲ್ಡರ್. ಬೆಸುಗೆ ಚೆನ್ನಾಗಿ ಹಿಡಿಯಲು ರಾಳದ ಫ್ಲಕ್ಸ್. ಆ್ಯಸಿಡ್ ಇರುವ ಪೇಸ್ಟ್ ಬೇಡ, ಈ ತಂತಿಯನ್ನು ಅದು ಕಾಲಕ್ರಮದಲ್ಲಿ ತಿಂದುಬಿಡುತ್ತದೆ. ಚಿಮುಟ, ಭೂತಗನ್ನಡಿ, ಸಣ್ಣ ಸ್ಕ್ರೂಡ್ರೈವರ್‌ಗಳು. ಇಲ್ಲಿ ಸಿಗದ್ದಕ್ಕೆ ಬೆಂಗಳೂರಿನ ಎಸ್.ಪಿ. ರೋಡ್ ಇದ್ದೇ ಇದೆ, ಅದಕ್ಕಂತಲೇ ಹೋಗಬೇಡಿ, ಬೇರೆ ಕೆಲಸಕ್ಕೆ ಹೋದಾಗ ತನ್ನಿ.

ಇನ್ನೆರಡು ವಸ್ತು ಮೈಸೂರಿನ ಯಾವ ಮನೆಯಲ್ಲಾದರೂ ಇರುತ್ತವೆ. ಅಗರಬತ್ತಿಯ ಕಡ್ಡಿ, ಮತ್ತು ಸೀರೆಗೆ ಕುಚ್ಚು ಕಟ್ಟುವ ರೇಷ್ಮೆ ದಾರ. ಏಕೆಂದು ಮುಂದೆ ಗೊತ್ತಾಗುತ್ತದೆ.

ಬಿಚ್ಚುವುದು

ಎರಡು ಸಂಜೆ ಇಟ್ಟುಕೊಳ್ಳಿ. ಊಟವಾದ ಮೇಲೆ ಕೂರಬೇಡಿ, ಕಣ್ಣು ಸೋತಿರುತ್ತದೆ.

ಪ್ಲಗ್ ಗೋಡೆಯಿಂದ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆಯ ಟರ್ನ್‌ಟೇಬಲ್‌ಗಳ ಕೆಳಗೆ 230 ವೋಲ್ಟಿನ ತುದಿಗಳು ಮುಚ್ಚಳವೇ ಇಲ್ಲದೆ ನಿಂತಿರುತ್ತವೆ. ಆಮೇಲೆ ಮುಳ್ಳು ತೆಗೆಯಿರಿ. ಸ್ಟೈಲಸ್ಸಿಗೆ ನಮ್ಮ ಮಾವ ಈಗಲೂ ಮುಳ್ಳು ಅಂತಲೇ ಅನ್ನುತ್ತಾರೆ. ಹೆಡ್‌ಶೆಲ್, ಹಿಂದಿನ ತೂಕ, ಮ್ಯಾಟು, ರೆಕಾರ್ಡ್ ಕೂರುವ ತಟ್ಟೆ (ಪ್ಲ್ಯಾಟರ್), ಬೆಲ್ಟ್ ಎಲ್ಲ ತೆಗೆದು ಪಕ್ಕಕ್ಕಿಡಿ. ಆರ್ಮನ್ನು ಅದರ ಕೊಕ್ಕೆಗೆ ದಾರದಿಂದ ಕಟ್ಟಿ. ಎರಡು ಮಣೆಗಳನ್ನು ಅಂತರ ಬಿಟ್ಟು ಇಟ್ಟು, ಮೇಲೆ ಟವೆಲ್ ಹಾಸಿ, ಟರ್ನ್‌ಟೇಬಲನ್ನು ಬೋರಲು ಮಲಗಿಸಿ. ಆರ್ಮ್ ಎರಡು ಮಣೆಗಳ ನಡುವಿನ ಖಾಲಿ ಜಾಗದಲ್ಲಿ ತೂಗಬೇಕು, ಅದರ ಮೇಲೆ ಭಾರ ಬೀಳಬಾರದು.

ತಳದ ಹಲಗೆ ತೆಗೆದರೆ ಆರ್ಮ್ ಬುಡದಿಂದ ಬರುವ ಸಣ್ಣ ತಂತಿಗಳು ಒಂದು ಚಿಕ್ಕ ಪಟ್ಟಿಗೆ ಬೆಸೆದಿರುವುದು ಕಾಣುತ್ತದೆ. ಅಲ್ಲಿಂದ ಮುಂದಕ್ಕೆ ದಪ್ಪ ಕೇಬಲ್. ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಹತ್ತಾದರೂ ಸರಿ. ಕಾಗದದ ಮೇಲೂ ಬರೆದುಕೊಳ್ಳಿ, ಏಕೆಂದರೆ ಹಳೆಯ ತಂತಿಯ ಹಸಿರು ಮತ್ತು ನೀಲಿ ಫೋಟೊದಲ್ಲಿ ಒಂದೇ ಥರ ಕಾಣುತ್ತವೆ. ಕಪ್ಪು ತಂತಿ ಎಲ್ಲಿ ಸೇರಿದೆ ಅಂತ ಮಾತ್ರ ಎರಡು ಸಲ ನೋಡಿ. ಕೆಲವು ಆರ್ಮ್‌ಗಳಲ್ಲಿ ಬೇರೆ ಕಪ್ಪು ತಂತಿಯೇ ಇರುವುದಿಲ್ಲ, ಕೊಳವೆಯನ್ನು ಎಡ ಚಾನೆಲ್ಲಿನ ಮೈನಸ್ಸಿಗೇ ಸೇರಿಸಿರುತ್ತಾರೆ. ರೇಗಾ ಆರ್ಮ್‌ಗಳು ಹಾಗೆ. ಮೊದಲು ಹೇಗಿತ್ತೋ ಹಾಗೇ ಇಡಿ.

ಒಂದು ಮಾತು. ಆರ್ಮ್ ತಿರುಗುವ ಜಾಗದ ಬೇರಿಂಗ್ ಸ್ಕ್ರೂಗಳನ್ನು ಮುಟ್ಟಬೇಡಿ. ನೋಡಲು ಮಾಮೂಲಿ ಸ್ಕ್ರೂ, ಕಾರ್ಖಾನೆಯಲ್ಲಿ ಕೂದಲೆಳೆ ಲೆಕ್ಕದಲ್ಲಿ ಕೂಡಿಸಿರುತ್ತಾರೆ. ತಂತಿ ಬದಲಾಯಿಸಲು ಸಾಮಾನ್ಯವಾಗಿ ಅವನ್ನು ಬಿಚ್ಚಬೇಕಿಲ್ಲ. ನಿಮ್ಮದು ಲೆಂಕೋ ಎಲ್ 75 ಆಗಿದ್ದರೆ ಅದರ ಆರ್ಮ್ ರಬ್ಬರಿನ ಎರಡು ವಿ ಆಕಾರದ ತುಂಡುಗಳ ಮೇಲೆ ಕೂತಿರುತ್ತದೆ. ಇಷ್ಟು ವರ್ಷಕ್ಕೆ ಆ ರಬ್ಬರ್ ಕಲ್ಲಾಗಿರುವುದೇ ಹೆಚ್ಚು, ಅದನ್ನೂ ಜೊತೆಗೇ ಬದಲಾಯಿಸಿ.

ಎಳೆಯುವುದು

ಹಳೆಯ ತಂತಿ ಕಿತ್ತು ಎಸೆಯುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಎಸ್ ಆಕಾರದ ಕೊಳವೆಯೊಳಗೆ ಹೊಸದನ್ನು ತೂರಿಸಲು ಅದೇ ನಿಮಗೆ ದಾರಿ ತೋರಿಸುವುದು.

ಆರ್ಮ್ ತುದಿಯ ನಾಲ್ಕು ಪಿನ್ನಿನ ಸಾಕೆಟ್ಟನ್ನು ಒಂದು ಸಣ್ಣ ಸ್ಕ್ರೂ ಅಥವಾ ಕಡ್ಡಿ ಹಿಡಿದಿರುತ್ತದೆ. ಅದನ್ನು ಬಿಚ್ಚಿ, ಸಾಕೆಟ್ಟನ್ನು ಮೆಲ್ಲಗೆ ಮುಂದಕ್ಕೆ ತನ್ನಿ. ಅಂಟು ಹಾಕಿದ್ದರೆ ಬಲ ಪ್ರಯೋಗ ಬೇಡ, ಆಲ್ಕೊಹಾಲ್ ತೊಟ್ಟು ಬಿಟ್ಟು ಕಾಯಿರಿ. ಯಾವ ಪಿನ್ನಿಗೆ ಯಾವ ಬಣ್ಣ ಅಂತ ಬರೆದುಕೊಂಡು, ಬೆಸುಗೆ ಬಿಡಿಸಿ. ಬಣ್ಣ ಮಾಸಿದ್ದರೆ ಖಾಲಿ ಹೆಡ್‌ಶೆಲ್ ತೆಗೆದುಕೊಂಡು ಮೀಟರಿನಿಂದ ಹುಡುಕಿ. ಅದರ ಬಿಳಿ ತಂತಿ ಹಿಂದಿನ ಯಾವ ಪಿನ್ನಿಗೆ ಹೋಗುತ್ತದೋ, ಆ ಪಿನ್ ತಾಗುವುದೇ ಸಾಕೆಟ್ಟಿನ ಬಿಳಿ ಪಿನ್.

ಈಗ ತಳದ ಪಟ್ಟಿಯಿಂದಲೂ ಹಳೆಯದನ್ನು ಬಿಡಿಸಿ. ತುದಿಗಳಿಗೆ ರೇಷ್ಮೆ ದಾರ ಕಟ್ಟಿ, ಗಂಟಿನ ಮೇಲೆ ಒಂದು ಚುಕ್ಕೆ ಅಂಟು. ಹತ್ತಿ ದಾರ ಒಳಗೆ ಗೀಚಿಕೊಳ್ಳುತ್ತದೆ, ಹೂ ಕಟ್ಟುವ ದಾರವಂತೂ ಬೇಡವೇ ಬೇಡ. ರೇಷ್ಮೆ ನುಣುಪು, ಮತ್ತು ಅಷ್ಟು ಸಣ್ಣದಕ್ಕೆ ಆಶ್ಚರ್ಯ ಆಗುವಷ್ಟು ಗಟ್ಟಿ. ನಮ್ಮ ಪಕ್ಕದ ಮನೆಯ ಅಕ್ಕ ಕುಚ್ಚು ಕಟ್ಟುತ್ತಾರೆ, ಒಂದು ಗಜ ಕೇಳಿದ್ದಕ್ಕೆ 'ಯಾವ ಬಣ್ಣದ ಸೀರೆ?' ಅಂತ ಕೇಳಿದರು. ಆರ್ಮ್ ತುದಿಯಿಂದ ಹಳೆಯದನ್ನು ಎಳೆದರೆ ದಾರ ಹಿಂಬಾಲಿಸಿ ಬರುತ್ತದೆ. ಅದೇ ದಾರಕ್ಕೆ ಹೊಸ ತಂತಿ ಕಟ್ಟಿ ವಾಪಸು ಎಳೆಯಿರಿ. ಬಿಗಿ ಅನ್ನಿಸಿದರೆ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಬಿಟ್ಟು ಮತ್ತೆ ಎಳೆಯಿರಿ.

ಹಳೆಯ ತಂತಿ ಒಳಗೇ ತುಂಡಾಗಿ ದಾರಿ ತಪ್ಪಿದ್ದರೆ? ದಾರದ ತುದಿಯನ್ನು ಕೊಳವೆಯ ಒಂದು ಬಾಯಿಗಿಟ್ಟು, ಇನ್ನೊಂದು ಬಾಯಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿಯಿರಿ. ದಾರದ ಇನ್ನೊಂದು ತುದಿ ಕೈಯಲ್ಲಿರಲಿ. ಹುಚ್ಚು ಅನ್ನಿಸಿದರೂ ನಡೆಯುತ್ತದೆ.

ಎಳೆಯುವ ಮೊದಲು ಬಿಳಿ ನೀಲಿಯನ್ನು ಒಂದು ಜೋಡಿ, ಕೆಂಪು ಹಸಿರನ್ನು ಇನ್ನೊಂದು ಜೋಡಿ ಮಾಡಿ ಸಡಿಲವಾಗಿ ಹೆಣೆಯಿರಿ, ಸೆಂಟಿಮೀಟರಿಗೆ ಒಂದು ಸುತ್ತು ಸಾಕು. ಜೋಡಿ ತಂತಿ ಹೆಣೆದುಕೊಂಡಿದ್ದರೆ ಹೊರಗಿನ ಗುಂಯ್ ಎರಡಕ್ಕೂ ಸಮನಾಗಿ ತಾಗಿ, ಬಹುಪಾಲು ಅಲ್ಲೇ ವಜಾ ಆಗುತ್ತದೆ. ಬಿಗಿಯಾಗಿ ಹೆಣೆದರೆ ಹಗ್ಗದ ಹಾಗೆ ಗಡಸಾಗುತ್ತದೆ.

ಬೆಸುಗೆ

ಪಾತ್ರೆಗೆ ಕಲಾಯಿ ಹಾಕುವ ಹಾಗೆ, ಮೊದಲು ತಂತಿಯ ತುದಿಗೆ ತವರ ಹಿಡಿಸಬೇಕು. ಐರನ್ ಮೊನೆಯ ಮೇಲೆ ಸೋಲ್ಡರಿನ ಒಂದು ಮಣಿ ಮಾಡಿ, ಫ್ಲಕ್ಸ್ ಹಚ್ಚಿದ ತಂತಿಯ ತುದಿಯನ್ನು ಎರಡು ಮಿಲಿಮೀಟರ್ ಅದರೊಳಗೆ ಅದ್ದಿ. ಎರಡು ಮೂರು ಸೆಕೆಂಡಿಗೆ ಸಣ್ಣ ಹೊಗೆ, ಎನಾಮೆಲ್ ಸುಟ್ಟು ತುದಿ ಬೆಳ್ಳಗೆ ಹೊಳೆಯುತ್ತದೆ. ಕಿಟಕಿ ತೆಗೆದಿರಲಿ. ಕೆಲವರು ಆಸ್ಪಿರಿನ್ ಮಾತ್ರೆಯ ಮೇಲೆ ತಂತಿ ಇಟ್ಟು ಐರನ್ ಒತ್ತಿ ಎನಾಮೆಲ್ ತೆಗೆಯುತ್ತಾರೆ. ತೆಗೆಯುತ್ತದೆ ನಿಜ, ಆ ಹೊಗೆ ಮೂಗಿಗೆ ಹೋದರೆ ಸಂಗೀತ ಮರೆತುಹೋಗುತ್ತದೆ. ಎರಡೂ ತುದಿಗೆ ಕಲಾಯಿ ಆದ ಮೇಲೆ ಮೀಟರ್ ಇಟ್ಟು ನೋಡಿ, ಆಮೇಲೆ ಮುಂದೆ.

ಸಾಕೆಟ್ಟಿನ ಪಿನ್‌ಗಳು ಪ್ಲಾಸ್ಟಿಕ್ಕಿನಲ್ಲಿ ಕೂತಿವೆ. ಮೊದಲ ಸಲ ನಾನು ಐರನ್ ಐದಾರು ಸೆಕೆಂಡ್ ಹಿಡಿದೆ. ಹಸಿರು ಪಿನ್ ಮೇಣದಲ್ಲಿ ನೆಟ್ಟ ಬತ್ತಿಯ ಹಾಗೆ ವಾಲಿತು. ಹೊಸ ಸಾಕೆಟ್ ಹುಡುಕಲು ಮೂರು ವಾರ. ಆದ್ದರಿಂದ ಪಿನ್ನಿಗೂ ಮೊದಲೇ ತವರ ಹಿಡಿಸಿ, ಅದರ ಬುಡವನ್ನು ಚಿಮುಟದಲ್ಲಿ ಹಿಡಿದುಕೊಳ್ಳಿ, ಬಿಸಿ ಚಿಮುಟಕ್ಕೆ ಹೋಗುತ್ತದೆ. ತಂತಿ ತಾಗಿಸಿ, ಐರನ್ ಮುಟ್ಟಿಸಿ, ತೆಗೆದುಬಿಡಿ. ಒಂದು ಪಿನ್ ಆದ ಮೇಲೆ ಒಂದು ನಿಮಿಷ ಬಿಟ್ಟು ಇನ್ನೊಂದು.

ಹೆಡ್‌ಶೆಲ್ ಕಳಚಲು ಬಾರದ ಆರ್ಮ್ ನಿಮ್ಮದಾದರೆ ಸಾಕೆಟ್ ಇರುವುದಿಲ್ಲ. ತಂತಿಯ ತುದಿಗೆ ಸಣ್ಣ ಕ್ಲಿಪ್ ಬೆಸೆದು, ಅದನ್ನು ಕಾರ್ಟ್ರಿಜ್‌ನ ಪಿನ್ನಿಗೆ ಸಿಕ್ಕಿಸಬೇಕು. ಇಲ್ಲಿ ಒಂದೇ ಕಟ್ಟಪ್ಪಣೆ: ಕ್ಲಿಪ್ ಕಾರ್ಟ್ರಿಜ್ ಮೇಲೆ ಇರುವಾಗ ಬೆಸೆಯಬಾರದು. ಬಿಸಿ ಪಿನ್ನಿನಿಂದ ನೇರ ಒಳಗಿನ ಸುರುಳಿಗೆ ಇಳಿಯುತ್ತದೆ, ಕಾರ್ಟ್ರಿಜ್ ಸತ್ತೇಹೋಗುತ್ತದೆ. ಆದರೆ ಕ್ಲಿಪ್ಪನ್ನು ಖಾಲಿ ಹಿಡಿದು ಬೆಸೆದರೆ ಸೋಲ್ಡರ್ ಒಳಗೆ ಹರಿದು ತೂತು ಮುಚ್ಚುತ್ತದೆ. ಇದಕ್ಕೇ ಅಗರಬತ್ತಿ ಕಡ್ಡಿ. ಮಸಾಲೆ ಮೆತ್ತದ ಬಿದಿರಿನ ಹಿಡಿಕೆಯ ಭಾಗ ಹೆಚ್ಚು ಕಡಿಮೆ ಕಾರ್ಟ್ರಿಜ್ ಪಿನ್ನಿನಷ್ಟೇ ದಪ್ಪ. ಪಿನ್ ಸುಮಾರು 1.2 ಮಿಲಿಮೀಟರ್. ಕಡ್ಡಿ ದಪ್ಪವಾದರೆ ಬ್ಲೇಡಿನಿಂದ ಹೆರೆಯಿರಿ. ಕ್ಲಿಪ್ಪನ್ನು ಅದಕ್ಕೆ ಸಿಕ್ಕಿಸಿ ಬೆಸೆಯಿರಿ. ಬಿದಿರಿಗೆ ಸೋಲ್ಡರ್ ಅಂಟುವುದಿಲ್ಲ.

ಬುಡದಲ್ಲಿ ಬಿಡುವ ಸಡಿಲ

ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ತಂತಿ ಆರ್ಮ್‌ನಿಂದ ಬುಡಕ್ಕೆ ಇಳಿಯುವ ಜಾಗದಲ್ಲಿ ಎಷ್ಟು ಸಡಿಲ ಬಿಡಬೇಕು?

ನಾನು ನೀಟಾಗಿರಲಿ ಅಂತ ಬಿಗಿ ಮಾಡಿದೆ. ನಾಲ್ಕೂ ತಂತಿ ಸೈನಿಕರ ಹಾಗೆ ನಿಂತಿದ್ದವು. ರೆಕಾರ್ಡಿನ ಮೊದಲ ಹಾಡು ಚೆನ್ನಾಗಿ ಬಂತು. ಆರ್ಮ್ ಒಳಗೆ ಹೋದಂತೆ ತಂತಿ ಅದನ್ನು ಹೊರಕ್ಕೆ ಎಳೆಯತೊಡಗಿತು. ಮೂರನೇ ಹಾಡಿಗೆ ಹಾರಿ ಹಾರಿ ಬಿತ್ತು. ಆ ಭಾನುವಾರ ಮಂಡ್ಯದಿಂದ ಬಂದಿದ್ದ ಮಾವ ಬಾಗಿಲಲ್ಲೇ ನಿಂತು ನೋಡಿದರು. 'ಎಲ್ಲಾನೂ ಬಿಚ್ಚಾಕ್ಬುಟ್ಟಿದ್ದೀಯಲ್ಲೋ! ಎತ್ತಿನ ಮೂಗುದಾರ ಇದ್ದಂಗೆ ಬಿಗಿದಿದ್ದೀಯ. ಸ್ವಲ್ಪ ಸಡಿಲ ಬುಡು' ಅಂದರು. ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದ ಮನುಷ್ಯ, ಸರಿಯಾಗಿಯೇ ಹೇಳಿದರು.

ಒಂದು ರೆಕಾರ್ಡಿನಲ್ಲಿ ಆರ್ಮ್ ತಿರುಗುವುದು ಸ್ವಲ್ಪವೇ. ಆ ಸ್ವಲ್ಪವನ್ನು ತಂತಿ ಗಮನಿಸಲೇಬಾರದು. ಅದಕ್ಕೆ ತಂತಿ ತಿರುಗುವ ಅಕ್ಷಕ್ಕೆ ಆದಷ್ಟು ಹತ್ತಿರ, ನಡುಮಧ್ಯದಲ್ಲಿ ಇಳಿಯಬೇಕು. ಬುಡದ ಕೆಳಗೆ ಎರಡು ಮೂರು ಸೆಂಟಿಮೀಟರಿನ ಸಡಿಲ ಕುಣಿಕೆ ಬಿಡಿ, ಅದರ ನಂತರ ಟೇಪಿನಿಂದ ಹಿಡಿಸಿ, ಆಮೇಲೆ ಪಟ್ಟಿಗೆ ಬೆಸೆಯಿರಿ. ಕುಣಿಕೆ ಯಾವುದಕ್ಕೂ ಉಜ್ಜಬಾರದು. ಸಡಿಲ ತೀರಾ ಜಾಸ್ತಿಯಾದರೆ ಅದೂ ತೊಂದರೆ, ಜೋತುಬಿದ್ದು ಲೀವರಿಗೆ ಸಿಕ್ಕಿಕೊಳ್ಳುತ್ತದೆ.

ಬೆಸೆಯುವ ಮೊದಲೇ ಪರೀಕ್ಷೆ ಮಾಡಬಹುದು. ತಂತಿಯನ್ನು ಟೇಪಿನಲ್ಲಿ ಹಿಡಿಸಿ, ಟರ್ನ್‌ಟೇಬಲ್ ನೆಟ್ಟಗೆ ನಿಲ್ಲಿಸಿ. ಅದು ಮಟ್ಟವಾಗಿ ಕೂತಿದೆಯೇ ಅಂತ ಮಟ್ಟಗೋಲು ಇಟ್ಟು ನೋಡಿ, ಓರೆಯಾಗಿದ್ದರೆ ತಂತಿಯ ಮೇಲೆ ಸುಮ್ನೆ ಅಪವಾದ ಬರುತ್ತದೆ. ಹೆಡ್‌ಶೆಲ್, ಕಾರ್ಟ್ರಿಜ್, ಹಿಂದಿನ ತೂಕ ಹಾಕಿ, ಆರ್ಮ್ ಗಾಳಿಯಲ್ಲಿ ತೇಲುವ ಹಾಗೆ ತೂಕ ಕೂಡಿಸಿ. ಆರ್ಮ್ ಒಳಕ್ಕೆ ಜಾರದಂತೆ ಹೊರಕ್ಕೆ ಎಳೆಯುವ ಆಂಟಿ ಸ್ಕೇಟ್ ಸೊನ್ನೆಗಿಡಿ. ಫ್ಯಾನ್ ಆಫ್ ಮಾಡಿ. ಈಗ ಆರ್ಮನ್ನು ರೆಕಾರ್ಡಿನ ಹೊರ ಅಂಚಿನ ಜಾಗಕ್ಕೆ ತಂದು ಬಿಡಿ. ಅಲ್ಲೇ ನಿಲ್ಲಬೇಕು. ಮಧ್ಯಕ್ಕೆ ತನ್ನಿ, ನಿಲ್ಲಬೇಕು. ಲೇಬಲ್ ಹತ್ತಿರ ತನ್ನಿ, ಅಲ್ಲೂ ನಿಲ್ಲಬೇಕು. ಒಂದು ಕಡೆಗೇ ಸರಿಯುತ್ತಿದ್ದರೆ ತಂತಿ ತಳ್ಳುತ್ತಿದೆ. ಸಡಿಲ ಬದಲಾಯಿಸಿ, ಕುಣಿಕೆಯ ದಿಕ್ಕು ಬದಲಾಯಿಸಿ, ಮತ್ತೆ ನೋಡಿ. ನನಗೆ ಒಂದು ಗಂಟೆ ಹಿಡಿಯಿತು. ಈ ಗಂಟೆಯನ್ನು ಮಾತ್ರ ಕಡಿಮೆ ಮಾಡಲು ಹೋಗಬೇಡಿ.

ಹೊರಗಿನ ಕೇಬಲ್ ಮತ್ತು ಅರ್ತ್

ಪಟ್ಟಿಯಿಂದ ಆಂಪ್ಲಿಫೈಯರಿಗೆ ಹೋಗುವ ಕೇಬಲ್ ಚೆನ್ನಾಗಿದ್ದರೆ ಹಾಗೇ ಬಿಡಿ. ಬದಲಾಯಿಸುವುದಾದರೆ ಅದರ ಕೆಪ್ಯಾಸಿಟನ್ಸ್ (ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಗುಣ) ನೋಡಬೇಕು. ಅನೇಕ ಕಾರ್ಟ್ರಿಜ್‌ಗಳು ಒಟ್ಟು 100ರಿಂದ 200 ಪಿಕೊಫ್ಯಾರಡ್ ಕೇಳುತ್ತವೆ. ಜಾಸ್ತಿಯಾದರೆ ಮೇಲಿನ ಸ್ವರಗಳು ಮೊದಲು ಕಿರಿಚಿ, ಆಮೇಲೆ ಮಂಕಾಗುತ್ತವೆ. ಸಿಸಿಟಿವಿಯವರು ಬಳಸುವ ಆರ್‌ಜಿ 59 ತಾಮ್ರದ ಕೇಬಲ್ ಮೀಟರಿಗೆ ಸುಮಾರು 67 ಪಿಕೊಫ್ಯಾರಡ್. ಒಂದೂಕಾಲು ಮೀಟರಿಗೆ 85 ಆಯಿತು, ಆಂಪ್ಲಿಫೈಯರಿನದು ಇನ್ನೊಂದು ನೂರು ಇದ್ದರೂ ಮಿತಿಯೊಳಗೇ ಇದೆ. ಡಿಶ್ ಟಿವಿಯ ಆರ್‌ಜಿ 6 ಇನ್ನೂ ಕಡಿಮೆ, ಆದರೆ ಅದರ ಹೆಣಿಗೆ ಸಾಮಾನ್ಯವಾಗಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಕೋಲಿನ ಹಾಗೆ ಸೆಟೆದುಕೊಂಡೂ ಇರುತ್ತದೆ.

ಅರ್ತ್ ವಿಷಯ: ಆರ್ಮ್ ಕೊಳವೆ, ಮೋಟರಿನ ಮೈ, ಲೋಹದ ತಳ ಇವೆಲ್ಲ ಒಂದೇ ಕಡೆ ಸೇರಿ, ಅಲ್ಲಿಂದ ಒಂದೇ ತಂತಿ ಆಂಪ್ಲಿಫೈಯರಿನ ಜಿಎನ್‌ಡಿ (ಗ್ರೌಂಡ್) ಸ್ಕ್ರೂಗೆ ಹೋಗಬೇಕು. ಎರಡು ದಾರಿ ಮಾಡಿದರೆ ಅದೇ ಹೊಸ ಗುಂಯ್.

ಕೇಳುವ ಮೊದಲು ಕಾರ್ಟ್ರಿಜ್ ತೆಗೆದು ಮೀಟರಿನಲ್ಲಿ ಮತ್ತೊಮ್ಮೆ: ಪ್ರತಿ ಬಣ್ಣ ತನ್ನ ಪ್ಲಗ್ಗಿಗೆ ಮಾತ್ರ ಹೋಗುತ್ತಿದೆಯೇ? ಎಡ ಬಲ ಒಂದಕ್ಕೊಂದು ತಾಗಿಲ್ಲ ತಾನೇ? ಕೊಳವೆ ಅರ್ತ್‌ಗೆ ಸೇರಿದೆಯೇ?

ಕೇಳುವುದು

ಮುಳ್ಳಿನ ಭಾರ ಮತ್ತೆ ಕೂಡಿಸಿ. ಆಭರಣದಂಗಡಿಯವರು ಬಳಸುವ ಥರದ, 0.01 ಗ್ರಾಮ್ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಅದರ ತಟ್ಟೆ ಉಕ್ಕಿನದಾದರೆ ಕಾರ್ಟ್ರಿಜ್‌ನ ಅಯಸ್ಕಾಂತ ಅದನ್ನು ಸೆಳೆದು ಲೆಕ್ಕ ತಪ್ಪಿಸುತ್ತದೆ. ಮೇಲೆ ಪ್ಲಾಸ್ಟಿಕ್ ಅಥವಾ ಮರದ ತುಂಡಿಟ್ಟು ಅಳೆಯಿರಿ. ನನ್ನ ಆಡಿಯೊ ಟೆಕ್ನಿಕಾ ವಿಎಂ95ಇಗೆ 2 ಗ್ರಾಮ್.

ಮೊದಲು ಹಳೆಯದೊಂದು ಮೊನೊ ರೆಕಾರ್ಡ್ ಹಾಕಿ. ದನಿ ಎರಡು ಸ್ಪೀಕರಿನ ನಟ್ಟನಡುವೆ ನಿಲ್ಲಬೇಕು. ಎಲ್ಲೋ ಹರಡಿಕೊಂಡು, ಮೃದಂಗದ ತೊಪ್ಪಿ ಕಡೆಯ ಸದ್ದು ಬಡಕಲಾಗಿ ಕೇಳಿದರೆ ಒಂದು ಕಡೆ ಪ್ಲಸ್ ಮೈನಸ್ ಅದಲುಬದಲಾಗಿದೆ. ಹೆಡ್‌ಶೆಲ್‌ನಲ್ಲೇ ಬಿಳಿ ನೀಲಿ ಬದಲಾಯಿಸಿ ನೋಡಿ. ಸ್ಟೀರಿಯೊ ರೆಕಾರ್ಡಿನಲ್ಲಿ ಎಡಗಡೆಯದು ಬಲಗಡೆ ಬಂದರೆ ಜೋಡಿಯೇ ಅದಲುಬದಲು.

ಗುಂಯ್ ಇದ್ದರೆ ಆರ್ಮ್ ಕೊಳವೆಯನ್ನು ಬೆರಳಿನಿಂದ ಮುಟ್ಟಿ. ನಿಂತರೆ ಕೊಳವೆಗೆ ಅರ್ತ್ ಸಿಕ್ಕಿಲ್ಲ. ಒಂದೇ ಕಡೆ ಗುಂಯ್ ಆದರೆ ಆ ಕಡೆಯ ನೀಲಿಯನ್ನೋ ಹಸಿರನ್ನೋ ಅನುಮಾನಿಸಿ. ಆರ್ಮ್ ಒಳಗೆ ಹೋದಂತೆ ಗುಂಯ್ ಏರಿದರೆ ಅದು ತಂತಿಯದಲ್ಲ, ಕಾರ್ಟ್ರಿಜ್ ಮೋಟರಿನ ಕಾಂತವನ್ನು ಹಿಡಿಯುತ್ತಿದೆ. ಅದಕ್ಕೆ ಬೇರೆ ಮದ್ದು.

ನಾನು ಮತ್ತೆ ದೊರೆಸ್ವಾಮಿ ಅಯ್ಯಂಗಾರ್ ಅವರನ್ನೇ ಹಾಕಿದೆ. ಮೀಟಿದ ತಂತಿ ಕರಗುತ್ತಾ ಹೋಗುವ ಕೊನೆಯ ಎಳೆ ಎರಡೂ ಕಡೆ ಕೇಳಿತು, ಗುಂಯ್ ಇಲ್ಲದೆ. ಮಾವನಿಗೆ ಫೋನ್ ಮಾಡಿದೆ.

'ಎಡಗಡೇದೂ ಬತ್ತಾ ಅದಾ?'

'ಬರ್ತಾ ಇದೆ ಮಾವ, ಚೆನ್ನಾಗಿ ಬರ್ತಾ ಇದೆ.'

'ಹಂಗಾದ್ರೆ ಭಾನ್ವಾರ ತಂದ್ಕೊಟ್ಬುಡು.'

ಮೈಸೂರಿನಿಂದ ಮಂಡ್ಯ ಸುಮಾರು 45 ಕಿಲೋಮೀಟರ್. ಸಾಗಿಸುವಾಗ ಪ್ಲ್ಯಾಟರ್ ಮತ್ತು ಹಿಂದಿನ ತೂಕ ತೆಗೆದು ಬೇರೆ ಬಟ್ಟೆಯಲ್ಲಿ ಸುತ್ತಿ, ಹೆಡ್‌ಶೆಲ್ ಕಳಚಿ ಸಣ್ಣ ಡಬ್ಬಿಯಲ್ಲಿ ಹಾಕಿ, ಆರ್ಮನ್ನು ಕೊಕ್ಕೆಗೆ ದಾರದಿಂದ ಕಟ್ಟಿ. ಮಿಕ್ಕಿದ ರೇಷ್ಮೆ ದಾರ ಅದಕ್ಕೇ ಬಳಸಿದೆ.